ಕ್ರಿಸ್‌ಮಸ್ ಕೇಕ್, ಕುಕ್ಕಿ, ಅಲಂಕಾರ: ಯಾವುದು ಮೊದಲು, ಯಾವುದು ಕೊನೆಗೆ?

ಪ್ರಶ್ನೆ: ಕ್ರಿಸ್‌ಮಸ್‌ಗೆ ಎಲ್ಲವನ್ನೂ ಕೈಯಾರೆ ಮಾಡಬೇಕು ಅಂತ ಪ್ರತಿ ವರ್ಷ ಅಂದುಕೊಳ್ಳುತ್ತೇನೆ. ಶುರು ಮಾಡುವುದು ಮಾತ್ರ ಡಿಸೆಂಬರ್ ಮೂರನೇ ವಾರ. ಹಣ್ಣಿನ ಕೇಕ್ ಕತ್ತರಿಸಿದರೆ ಪುಡಿಪುಡಿಯಾಗುತ್ತದೆ. ಕುಕ್ಕಿ ಮೊದಲ ದಿನ ಗರಿಗರಿ, ಮೂರನೇ ದಿನ ಮೆತ್ತಗೆ. ಮಕ್ಕಳ ಜೊತೆ ಕೂತು ಉಪ್ಪಿನ ಹಿಟ್ಟಿನಲ್ಲಿ ಮಾಡಿದ ನಕ್ಷತ್ರಗಳು ಬಿರುಕು ಬಿಟ್ಟವು. ಒಣಗಿಸಿದ ಕಿತ್ತಳೆ ಬಿಲ್ಲೆಗೆ ಬೂಷ್ಟು ಬಂತು. ನನ್ನದು ಸಣ್ಣ ಓವನ್, ಸಿಗುವುದು ಸಂಜೆ ಹೊತ್ತು ಮಾತ್ರ. ಯಾವುದನ್ನು ಮೊದಲು ಮಾಡಲಿ, ಯಾವುದನ್ನು ಕೊನೆಗೆ? ಮದ್ಯ ಹಾಕದ ಕೇಕನ್ನು ಮುಂಚೆಯೇ ಮಾಡಿ ಇಡಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ದೂರು ಇವೆ. ನಾಲ್ಕಕ್ಕೂ ಕಾರಣ ಒಂದೇ, ನೀರು. ಕೇಕಿನ ಒಳಗೆ ನೀರು ಸಾಲಲಿಲ್ಲ. ಕುಕ್ಕಿ ಗಾಳಿಯಿಂದ ನೀರು ಎಳೆದುಕೊಂಡಿತು. ಉಪ್ಪಿನ ಹಿಟ್ಟಿನ ಮೇಲ್ಮೈಯ ನೀರು ಬೇಗ ಹೋಯಿತು, ಒಳಗಿನದು ಉಳಿಯಿತು. ಕಿತ್ತಳೆ ಬಿಲ್ಲೆಯ ನಡುಭಾಗ ಪೂರ್ತಿ ಒಣಗಲೇ ಇಲ್ಲ. ಯಾವುದು ಮೊದಲು, ಯಾವುದು ಕೊನೆಗೆ ಅನ್ನುವುದನ್ನೂ ನೀರನ್ನು ನೋಡಿಯೇ ತೀರ್ಮಾನಿಸಬಹುದು. ಓವನ್ ದೊಡ್ಡದಾ ಚಿಕ್ಕದಾ ಅನ್ನುವುದು ಆಮೇಲಿನ ಮಾತು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆಹಾರದಲ್ಲಿ ನೀರು ಎಷ್ಟಿದೆ ಅನ್ನುವುದಕ್ಕಿಂತ, ಅದರಲ್ಲಿ ಎಷ್ಟು ನೀರು ಸಲೀಸಾಗಿ ಸಿಗುತ್ತದೆ ಅನ್ನುವುದು ಮುಖ್ಯ. ಇದನ್ನು ಅಳೆಯುವುದಕ್ಕೆ 0ಯಿಂದ 1ರ ವರೆಗಿನ ಒಂದು ಅಳತೆ ಇದೆ. ಶುದ್ಧ ನೀರು 1. ಆಗ ತಾನೇ ಬೇಯಿಸಿದ ಬ್ರೆಡ್ ಸುಮಾರು 0.95. ಜೇನುತುಪ್ಪ 0.6ರ ಆಸುಪಾಸು. ಗರಿಗರಿ ಬಿಸ್ಕತ್ತು 0.3 ಅಥವಾ ಇನ್ನೂ ಕಡಿಮೆ. ಹೆಚ್ಚಿನ ಬ್ಯಾಕ್ಟೀರಿಯಾ 0.9ಕ್ಕಿಂತ ಕೆಳಗೆ ಬೆಳೆಯುವುದಿಲ್ಲ. ಬೂಷ್ಟು ಮೊಂಡು ಜಾತಿ, ಅದರಲ್ಲಿ ಕೆಲವು ಸುಮಾರು 0.7ರ ವರೆಗೂ ಎಳೆದಾಡುತ್ತವೆ. ಹಣ್ಣಿನ ಕೇಕ್ ಸಾಮಾನ್ಯವಾಗಿ 0.8ರ ಹತ್ತಿರ ಇರುತ್ತದೆ. ತಿನ್ನುವಾಗ ಹಸಿಯಾಗಿಯೇ ಇರುತ್ತದೆ, ಆದರೆ ಅದರ ನೀರನ್ನೆಲ್ಲ ಸಕ್ಕರೆ ಹಿಡಿದುಕೊಂಡಿರುತ್ತದೆ. ತಿಂಗಳುಗಟ್ಟಲೆ ಉಳಿಯುವ ಕೇಕಿನ ಗುಟ್ಟು ಇಷ್ಟೇ. ಮದ್ಯ ಅದಕ್ಕೆ ಮೇಲಿನಿಂದ ಒಂದು ಕಾವಲು.

ಕೇಕ್ ಪುಡಿಯಾಗುವುದು ಯಾಕೆ

ಜಾಸ್ತಿ ಜನ ಇದಕ್ಕೆ ಮೊಟ್ಟೆ ಕಡಿಮೆ ಆಯಿತು, ಬೆಣ್ಣೆ ಕಡಿಮೆ ಆಯಿತು ಅಂತ ಕಾರಣ ಹುಡುಕುತ್ತಾರೆ. ನಾನು ಮೊದಲು ಕೇಳುವುದು ಹಣ್ಣು ನೆನೆಸಿದ್ದಿರಾ ಅಂತ. ನೆನೆಸದ ಒಣದ್ರಾಕ್ಷಿ ಬಾಯಾರಿದ ಹಣ್ಣು. ಹಿಟ್ಟಿನ ಜೊತೆ ಸೇರಿದ ಕೂಡಲೇ ಸುತ್ತಲಿನ ನೀರನ್ನು ಎಳೆಯಲು ಶುರು ಮಾಡುತ್ತದೆ. ಬೇಯುವಾಗಲೂ ಎಳೆಯುತ್ತದೆ, ಆರುವಾಗಲೂ ಎಳೆಯುತ್ತದೆ. ಕೊನೆಗೆ ಹಣ್ಣು ಉಬ್ಬುತ್ತದೆ, ಅದನ್ನು ಹಿಡಿದಿಡಬೇಕಾದ ಕೇಕ್ ಒಣಗಿ ಉದುರುತ್ತದೆ. ಹಣ್ಣಿಗೆ ಮೊದಲೇ ಹೊಟ್ಟೆ ತುಂಬ ಕುಡಿಸಿಬಿಟ್ಟರೆ ಈ ಗೋಳು ಇಲ್ಲ.

ಎರಡನೆಯದು ನಿಮ್ಮ ಸಣ್ಣ ಓವನ್. ಇಂಥ ಓವನ್‌ನಲ್ಲಿ ಕಾಯುವ ಕಂಬಿಗಳು ಟಿನ್ನಿಗೆ ತೀರಾ ಹತ್ತಿರ ಇರುತ್ತವೆ. ಮೇಲ್ಭಾಗ, ಅಂಚು ಬೇಗ ಗಟ್ಟಿಯಾಗುತ್ತವೆ, ನಡು ಬೇಯುವ ಹೊತ್ತಿಗೆ ಹೊರಗಿನ ಅರ್ಧ ಇಂಚು ಒಣಗಿರುತ್ತದೆ. ಸಾಲದ್ದಕ್ಕೆ ಓವನ್ ಗುಂಡಿ 150 ತೋರಿಸಿದರೂ ಒಳಗೆ 170 ಇರಬಹುದು. ಒಳಗೆ ಇಡುವ ಒಂದು ಓವನ್ ಥರ್ಮಾಮೀಟರ್ ತಂದುಕೊಳ್ಳಿ. ಈ ಪತ್ರದಲ್ಲಿ ನಾನು ಕೊಂಡುಕೊಳ್ಳಿ ಅಂತ ಹೇಳುವ ಸಾಮಾನು ಅದೊಂದೇ.

ಮೂರನೆಯದು ಆತುರ. ಹಣ್ಣಿನ ಕೇಕ್ ಬೇಯಿಸಿದ ದಿನ ಚೆನ್ನಾಗಿರುವುದಿಲ್ಲ, ಅದು ಅದರ ಸ್ವಭಾವ. ಹಣ್ಣಿನೊಳಗಿನ ನೀರು, ಕೇಕಿನೊಳಗಿನ ನೀರು ನಿಧಾನಕ್ಕೆ ಸಮವಾಗಬೇಕು. ಬೆಣ್ಣೆ ಪೂರ್ತಿ ಗಟ್ಟಿಯಾಗಬೇಕು. ಇದಕ್ಕೆ ದಿನಗಳೇ ಬೇಕು. 23ಕ್ಕೆ ಬೇಯಿಸಿ 24ಕ್ಕೆ ಕತ್ತರಿಸಿದರೆ ಯಾವ ಕೈಗುಣವೂ ಕಾಪಾಡುವುದಿಲ್ಲ.

ನಿಮ್ಮ ಓವನ್‌ಗೆ 15 ಸೆಂಟಿಮೀಟರಿನ ದುಂಡನೆಯ ಎತ್ತರದ ಟಿನ್ ಸರಿ. ದೊಡ್ಡ ಕೇಕಿನ ಆಸೆ ಬಿಡಿ. ಬೇಕಿದ್ದರೆ ಎರಡು ಸಲ ಎರಡು ಸಣ್ಣ ಕೇಕ್ ಮಾಡಿ. ಅಳತೆ ನೆನಪಿಡುವುದು ಸುಲಭ: ಬೆಣ್ಣೆ, ಬ್ರೌನ್ ಶುಗರ್, ಮೈದಾ ಒಂದೊಂದೂ 115 ಗ್ರಾಂ, ಮೊಟ್ಟೆ ಎರಡು, ನೆನೆಸುವ ಮುಂಚಿನ ತೂಕದಲ್ಲಿ ಒಣಹಣ್ಣು 400 ಗ್ರಾಂ. ಚಕ್ಕೆ, ಜಾಕಾಯಿ, ಒಣಶುಂಠಿ ಪುಡಿ ಎಲ್ಲ ಸೇರಿ ಒಂದು ಟೀ ಚಮಚ. ಕಿತ್ತಳೆ ಸಿಪ್ಪೆಯ ಹೊರಪದರ ತುರಿದು ಹಾಕಿ. ಬೇಕಿಂಗ್ ಪೌಡರ್ ಬೇಡ. ಈ ಕೇಕ್ ಉಬ್ಬಬೇಕಾಗಿಲ್ಲ, ಹಣ್ಣನ್ನು ಬಿಗಿಯಾಗಿ ಹಿಡಿದಿದ್ದರೆ ಸಾಕು.

ಹಣ್ಣನ್ನು ಹಿಂದಿನ ರಾತ್ರಿಯಾದರೂ ನೆನೆಸಿ. ರಮ್ ಅಥವಾ ಬ್ರಾಂಡಿಯಲ್ಲಾದರೆ ಮುಚ್ಚಿದ ಡಬ್ಬಿಯಲ್ಲಿ ಒಂದು ವಾರ ಇದ್ದರೂ ಪರವಾಗಿಲ್ಲ. 400 ಗ್ರಾಂ ಹಣ್ಣಿಗೆ 75 ಮಿಲಿ ಸಾಕು. ಮರುದಿನ ತಳದಲ್ಲಿ ರಸ ನಿಂತಿದ್ದರೆ ಬಸಿದು ತೆಗೆಯಿರಿ. ಆ ರಸವನ್ನೂ ಹಿಟ್ಟಿಗೆ ಸುರಿದರೆ ಹಿಟ್ಟು ತೆಳ್ಳಗಾಗಿ ಹಣ್ಣೆಲ್ಲ ತಳ ಸೇರುತ್ತದೆ. ಹಿಟ್ಟು ಚಮಚದಿಂದ ತಾನಾಗಿ ಜಾರಬಾರದು, ತಟ್ಟಿದರೆ ಬೀಳಬೇಕು. ಅದೇ ಹದ.

ಟಿನ್ನಿಗೆ ಒಳಗಡೆ ಎರಡು ಪದರ ಬೇಕಿಂಗ್ ಪೇಪರ್. ಹೊರಗಡೆ ಕಂದು ಕಾಗದ ಸುತ್ತಿ ದಾರ ಕಟ್ಟಬೇಕು ಅಂತ ಹಳೆಯ ಅಡುಗೆ ಪುಸ್ತಕಗಳು ಹೇಳುತ್ತವೆ. ಕಂಬಿ ಹೊರಗೇ ಕಾಣುವ ಸಣ್ಣ ಓವನ್‌ನಲ್ಲಿ ಆ ಕೆಲಸ ಮಾಡಬೇಡಿ, ಕಾಗದ ಹೊತ್ತಿಕೊಳ್ಳಬಹುದು. ಅದರ ಬದಲು ಹತ್ತಿ ಬಟ್ಟೆಯ ಪಟ್ಟಿಯನ್ನು ಒದ್ದೆ ಮಾಡಿ ಹಿಂಡಿ, ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಮಡಿಸಿ, ಟಿನ್ನಿನ ಸುತ್ತ ಬಿಗಿಯಾಗಿ ಸುತ್ತಿ. ಅಂಚು ನಿಧಾನವಾಗಿ ಕಾಯುತ್ತದೆ. 140 ಡಿಗ್ರಿಯಲ್ಲಿ ಎರಡರಿಂದ ಎರಡೂವರೆ ಗಂಟೆ. ಫ್ಯಾನ್ ಇರುವ ಓವನ್ ಆದರೆ 120. ಒಂದು ಗಂಟೆ ಆದ ಮೇಲೆ ಮೇಲ್ಭಾಗ ಕಪ್ಪಾಗುತ್ತಿದ್ದರೆ ಫಾಯಿಲ್ ಸಡಿಲವಾಗಿ ಹೊದಿಸಿ, ಅದು ಕಂಬಿಗೆ ತಾಗದ ಹಾಗೆ ನೋಡಿಕೊಳ್ಳಿ. ನಡುವೆ ಚುಚ್ಚಿದ ಕಡ್ಡಿ ಹಿಟ್ಟು ಅಂಟದೆ ಬಂದರೆ ಆಯಿತು. ದ್ರಾಕ್ಷಿಗೆ ಚುಚ್ಚಿದ್ದರೆ ಕಡ್ಡಿ ಅಂಟಂಟಾಗಿಯೇ ಬರುತ್ತದೆ, ಇನ್ನೊಂದು ಕಡೆ ಚುಚ್ಚಿ ನೋಡಿ. ಸುಮ್ನೆ ಅರ್ಧ ಗಂಟೆ ಹೆಚ್ಚು ಬೇಯಿಸಿ ಕೇಕ್ ಒಣಗಿಸಿಕೊಳ್ಳುವವರು ಎಷ್ಟೋ ಜನ.

ಟಿನ್ನಿನಲ್ಲೇ ಪೂರ್ತಿ ಆರಲಿ. ಆಮೇಲೆ ಮೊದಲು ಬೇಕಿಂಗ್ ಪೇಪರ್, ಅದರ ಮೇಲೆ ಫಾಯಿಲ್ ಸುತ್ತಿ ಡಬ್ಬಿಯಲ್ಲಿಡಿ. ಫಾಯಿಲ್ ನೇರವಾಗಿ ಕೇಕಿಗೆ ತಾಗಬಾರದು. ಹಣ್ಣಿನ ಹುಳಿ ಅಲ್ಯೂಮಿನಿಯಮ್ಮನ್ನು ತಿಂದು ಸಣ್ಣ ಸಣ್ಣ ತೂತು ಮಾಡುತ್ತದೆ.

ಮದ್ಯ ಹಾಕಿದರೆ, ಹಾಕದಿದ್ದರೆ

ಮದ್ಯ ಹಾಕುವವರು ಪ್ರತಿ ವಾರ, ಹತ್ತು ದಿನಕ್ಕೊಮ್ಮೆ ಕಡ್ಡಿಯಿಂದ ಚುಚ್ಚಿ ಒಂದು ದೊಡ್ಡ ಚಮಚ ಹನಿಸಿದರೆ ಸಾಕು. ಕೇಕಿಗೆ ಕುಡಿಸುವ ಉತ್ಸಾಹ ಕೆಲವರಿಗೆ ಜಾಸ್ತಿ. ಮಿತಿ ಮೀರಿದರೆ ಕೇಕ್ ಹಸಿ ಮುದ್ದೆಯಾಗುತ್ತದೆ, ರುಚಿಯೂ ಸುಡುತ್ತದೆ. ಓವನ್‌ನಲ್ಲಿ ಎರಡೂವರೆ ಗಂಟೆ ಬೆಂದರೆ ಹಿಟ್ಟಿಗೆ ಹಾಕಿದ ಮದ್ಯದಲ್ಲಿ ಸುಮಾರು ನೂರಕ್ಕೆ 5 ಭಾಗ ಮಾತ್ರ ಉಳಿಯುತ್ತದೆ. ಆದರೆ ಆಮೇಲೆ ಮೇಲಿನಿಂದ ಹನಿಸಿದ್ದು ಬೇಯುವುದೇ ಇಲ್ಲ, ಹಾಗೇ ಇರುತ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ, ಮದ್ಯ ಮುಟ್ಟದವರಿಗೆ ಕೊಡುವ ಕೇಕ್ ಬೇರೆಯೇ ಇರಲಿ. ಬೇಯಿಸಿದರೆ ಎಲ್ಲ ಹಾರಿಹೋಗುತ್ತದೆ ಅನ್ನುವ ಮಾತನ್ನು ನಂಬಬೇಡಿ.

ಈಗ ನಿಮ್ಮ ಪ್ರಶ್ನೆ. ಮದ್ಯವಿಲ್ಲದ ಕೇಕ್ ಖಂಡಿತ ಮಾಡಬಹುದು, ರುಚಿಯಲ್ಲಿ ಏನೂ ಕಡಿಮೆ ಆಗುವುದಿಲ್ಲ. ಹಣ್ಣನ್ನು ಕಿತ್ತಳೆ ರಸದಲ್ಲಿ ಅಥವಾ ಗಟ್ಟಿಯಾದ ಕಪ್ಪು ಚಹಾದಲ್ಲಿ ನೆನೆಸಿ. ಒಂದು ರಾತ್ರಿ ಸಾಕು, ಅದೂ ಫ್ರಿಜ್ಜಿನಲ್ಲಿ. ಹೊರಗಿಟ್ಟರೆ ರಸ ಹುಳಿ ಬರುತ್ತದೆ. ಬೇಯಿಸಿದ ಮೇಲೆ ಮಾತ್ರ ಈ ಕೇಕಿಗೆ ರಸ ಹನಿಸಬೇಡಿ. ರಮ್ ಬದಲು ರಸ ಹನಿಸಿದರಾಯಿತು ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಮದ್ಯ ಹನಿಸಿದರೆ ಬೂಷ್ಟು ದೂರ ಇರುತ್ತದೆ. ರಸ ಹನಿಸಿದರೆ ಬೂಷ್ಟಿಗೆ ನೀರು, ಸಕ್ಕರೆ ಎರಡೂ ನೀವೇ ಬಡಿಸಿದ ಹಾಗೆ. ಇಂಥ ಕೇಕನ್ನು ಎರಡು ದಿನ ಡಬ್ಬಿಯಲ್ಲಿಟ್ಟು ಹದಕ್ಕೆ ಬರಲು ಬಿಡಿ, ಆಮೇಲೆ ಚೆನ್ನಾಗಿ ಸುತ್ತಿ ಫ್ರೀಜರಿನಲ್ಲಿಡಿ. ಮೂರು ತಿಂಗಳು ಚೆನ್ನಾಗಿರುತ್ತದೆ. ಹಬ್ಬಕ್ಕೆ ಎರಡು ದಿನ ಮುಂಚೆ ಹೊರಗಿಟ್ಟು, ಸುತ್ತಿದ ಕಾಗದ ಬಿಚ್ಚದೆ ಕರಗಲು ಬಿಡಿ. ಬಿಚ್ಚಿಟ್ಟರೆ ಗಾಳಿಯ ತೇವ ಕೇಕಿನ ಮೇಲೆ ಹನಿಗಟ್ಟುತ್ತದೆ.

ಮಾರ್ಜಿಪಾನ್ (ಬಾದಾಮಿ ಪುಡಿ, ಸಕ್ಕರೆ ಕಲಸಿದ ಮುದ್ದೆ), ಐಸಿಂಗ್ ಎರಡೂ ಬೇಕು ಅನ್ನುವವರು ಮಾರ್ಜಿಪಾನನ್ನು ಒಂದು ವಾರ ಮುಂಚೆ ಹಚ್ಚಿ ಒಣಗಲು ಬಿಡಬೇಕು. ಇಲ್ಲದಿದ್ದರೆ ಕೇಕಿನ ಕಂದು ಬಣ್ಣ ಬಿಳಿ ಐಸಿಂಗಿಗೆ ಇಳಿಯುತ್ತದೆ. ನಿಮಗಿರುವ ಸಮಯದಲ್ಲಿ ನಾನಾದರೆ ಎರಡನ್ನೂ ಬಿಟ್ಟು, ಬೇಯಿಸುವ ಮುಂಚೆ ಮೇಲೆ ಬಾದಾಮಿ ಜೋಡಿಸುತ್ತಿದ್ದೆ.

ಕುಕ್ಕಿಯಲ್ಲಿ ಎರಡು ಪಂಗಡ

ಕುಕ್ಕಿ ಮೆತ್ತಗಾಯಿತು ಅಂತ ನೀವು ಬೇಸರ ಪಡುತ್ತೀರಿ. ಮೆತ್ತಗಾಗಲಿ ಅಂತಲೇ ಮಾಡುವ ಕುಕ್ಕಿಯೂ ಇದೆ. ಜರ್ಮನಿಯ ನ್ಯೂರೆಂಬರ್ಗ್ ಊರು ಲೆಬ್‌ಕುಖೆನ್ ಎಂಬ ಜೇನಿನ ಮಸಾಲೆ ಕುಕ್ಕಿಗೆ ಶತಮಾನಗಳಿಂದ ಹೆಸರುವಾಸಿ. ಜೇನು, ಹಿಟ್ಟು, ಮಸಾಲೆ ಕಲಸಿ ಮನೆಯಲ್ಲಿ ಮಾಡುವ ಇಂಥ ಕುಕ್ಕಿ ಓವನ್ನಿಂದ ಬಂದಾಗ ಹಲ್ಲಿಗೆ ಸವಾಲು. ಡಬ್ಬಿಯಲ್ಲಿಟ್ಟು ಎರಡು ಮೂರು ವಾರ ಬಿಟ್ಟರೆ, ಜೇನು ತೇವ ಹೀರಿ ಮೆತ್ತಗೆ ಮಾಡುತ್ತದೆ. ಬೇಗ ಆಗಬೇಕಿದ್ದರೆ ಡಬ್ಬಿಯೊಳಗೆ ಒಂದು ಹೋಳು ಸೇಬು ಇಡುವುದು ಹಳೆಯ ಉಪಾಯ. ಹೋಳನ್ನು ಎರಡು ದಿನಕ್ಕೊಮ್ಮೆ ಬದಲಿಸಬೇಕು. ಹಾಗಾಗಿ ಬೇಗ ಮಾಡಿಡುವ ಕುಕ್ಕಿ ಬೇಕಿದ್ದರೆ ಜೇನಿನ ಕುಕ್ಕಿ ಮಾಡಿ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ಹಾಕಿದ ಯಾವುದನ್ನೂ ಕೊಡಬಾರದು. ಬೇಯಿಸಿದ್ದರೂ ಬೇಡ.

ಗರಿಗರಿ ಪಂಗಡಕ್ಕೆ ಬೆಣ್ಣೆ ಕುಕ್ಕಿ, ಸ್ಕಾಟ್‌ಲೆಂಡಿನ ಶಾರ್ಟ್‌ಬ್ರೆಡ್ ಸೇರುತ್ತವೆ. ಶಾರ್ಟ್‌ಬ್ರೆಡ್ ಅಳತೆ ಇನ್ನೂ ಸುಲಭ: ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ. 100, 200, 300 ಗ್ರಾಂ ಅಂದುಕೊಳ್ಳಿ. ಚಿಟಿಕೆ ಉಪ್ಪು. ಇದನ್ನು ಮುಂಚೆಯೇ ಬೇಯಿಸಿಡಬೇಡಿ, ಹಿಟ್ಟು ಮಾತ್ರ ಮಾಡಿಡಿ. ನವೆಂಬರಿನಲ್ಲೇ ಹಿಟ್ಟು ಕಲಸಿ, 4 ಸೆಂಟಿಮೀಟರ್ ದಪ್ಪದ ಉರುಳೆ ಮಾಡಿ, ಸುತ್ತಿ ಫ್ರೀಜರಿಗೆ ಹಾಕಿ. ಎರಡು ತಿಂಗಳು ಏನೂ ಆಗುವುದಿಲ್ಲ. ಬೇಕಾದ ಸಂಜೆ ಹತ್ತು ನಿಮಿಷ ಹೊರಗಿಟ್ಟು, 8 ಮಿಲಿಮೀಟರ್ ದಪ್ಪಕ್ಕೆ ಕೊಯ್ದು, 160 ಡಿಗ್ರಿಯಲ್ಲಿ 20 ನಿಮಿಷದ ಆಸುಪಾಸು ಬೇಯಿಸಿ. ಅಂಚು ಹೊಂಬಣ್ಣಕ್ಕೆ ತಿರುಗಿದರೆ ಸಾಕು. ನಿಮ್ಮ ಓವನ್‌ನಲ್ಲಿ ಒಂದು ಸಲಕ್ಕೆ ಒಂದೇ ತಟ್ಟೆ ಹಿಡಿಯುತ್ತದೆ, ಅಲ್ವಾ? ಉರುಳೆ ಇದ್ದರೆ ಅದು ತೊಂದರೆಯೇ ಅಲ್ಲ. ದಿನಕ್ಕೊಂದು ತಟ್ಟೆ ಬೇಯಿಸಬಹುದು, ಪ್ರತಿ ದಿನವೂ ಹೊಸದು.

ಬೆಣ್ಣೆಯ ಬಗ್ಗೆ ಒಂದು ಮಾತು. ಬೆರಳು ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಜಿಡ್ಡು ಮೆತ್ತಬಾರದು. 18ರಿಂದ 20 ಡಿಗ್ರಿ ಅಂದರೆ ಇದೇ. ಕರಗುವ ಹಂತಕ್ಕೆ ಬಂದ ಬೆಣ್ಣೆಯಲ್ಲಿ ಕಲಸಿದರೆ ಕುಕ್ಕಿ ಓವನ್‌ನಲ್ಲಿ ಹರಿದು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅಚ್ಚಿನಿಂದ ಕತ್ತರಿಸಿದ ನಕ್ಷತ್ರ, ಮರಗಳ ಆಕಾರ ನಿಲ್ಲಬೇಕಿದ್ದರೆ ಕತ್ತರಿಸಿದ ಮೇಲೆ ತಟ್ಟೆ ಸಮೇತ ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು ಆಮೇಲೆ ಬೇಯಿಸಿ.

ಮೂರನೇ ದಿನ ಮೆತ್ತಗಾಗುವುದಕ್ಕೆ ಬಹುಶಃ ನೀವು ಎಲ್ಲ ಬಗೆಯನ್ನೂ ಒಂದೇ ಡಬ್ಬಿಗೆ ತುಂಬಿರಬೇಕು. ಗರಿಗರಿ ಕುಕ್ಕಿ ಪಕ್ಕದ ಮೆತ್ತನೆ ಕುಕ್ಕಿಯ ನೀರನ್ನೆಲ್ಲ ಹೀರುತ್ತದೆ. ಕೊನೆಗೆ ಅದೂ ಕೆಡುತ್ತದೆ, ಇದೂ ಕೆಡುತ್ತದೆ. ಬೇರೆ ಬೇರೆ ಡಬ್ಬಿ ಬೇಕು. ಮಸಾಲೆ ಕುಕ್ಕಿಗೂ ಬೆಣ್ಣೆ ಕುಕ್ಕಿಗೂ ಬೇರೆ ಡಬ್ಬಿ, ಇಲ್ಲದಿದ್ದರೆ ಎರಡು ದಿನದಲ್ಲಿ ಎಲ್ಲಕ್ಕೂ ಲವಂಗದ ವಾಸನೆ. ಇನ್ನೊಂದು ಕಾರಣ, ಬೆಚ್ಚಗಿರುವಾಗಲೇ ಮುಚ್ಚಳ ಹಾಕುವುದು. ಹಬೆ ಒಳಗೇ ಉಳಿಯುತ್ತದೆ. ಆಗಲೇ ಮೆತ್ತಗಾಗಿದ್ದರೆ ಎಸೆಯಬೇಡಿ. 150 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ಪೂರ್ತಿ ಆರಿಸಿ, ಮತ್ತೆ ಗರಿಗರಿ. ಐಸಿಂಗ್ ಹಚ್ಚಿದ್ದರೆ ಈ ಉಪಾಯ ನಡೆಯದು.

ಆರು ಬಗೆ, ಎಂಟು ಬಗೆ ಕುಕ್ಕಿ ಮಾಡುವ ಹುಚ್ಚು ಬೇಡ. ಒಂದು ಮೆತ್ತನೆಯದು, ಒಂದು ಗರಿಗರಿ, ಸಾಕು. ಡ್ರೆಸ್ಡೆನ್ ನಗರದ ಸ್ಟೊಲೆನ್ ಎಂಬ ಹಣ್ಣಿನ ಬ್ರೆಡ್ಡಿನ ಮೇಲೂ ಕೆಲವರಿಗೆ ಕಣ್ಣಿರುತ್ತದೆ. ಒಳ್ಳೆಯ ಪದಾರ್ಥ, ಹಳೆಯದೂ ಹೌದು. ಅದರ ಹೆಸರು 1474ರ ದಾಖಲೆಯಲ್ಲೇ ಬರುತ್ತದೆ. ಆಗ ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ ಬೆಣ್ಣೆ ಬಳಸುವ ಹಾಗಿರಲಿಲ್ಲ. 1491ರಲ್ಲಿ ಪೋಪ್ ಎಂಟನೇ ಇನೊಸೆಂಟ್ ಅವರ ಅನುಮತಿ ಪತ್ರ ಬಂದ ಮೇಲೆ ಬೆಣ್ಣೆ ಸೇರಿತು. ಈಗ ಬೇಯಿಸಿದ ಕೂಡಲೇ ಕರಗಿದ ಬೆಣ್ಣೆ ಹಚ್ಚಿ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಆ ಪದರವೇ ಒಳಗಿನ ತೇವವನ್ನು ವಾರಗಟ್ಟಲೆ ಕಾಯುತ್ತದೆ. ಆದರೆ ಬೆಣ್ಣೆ ತುಂಬಿದ ಈಸ್ಟ್ ಹಿಟ್ಟು ಉಬ್ಬುವುದಕ್ಕೆ ಬಿಡುವಾದ ಒಂದು ಇಡೀ ದಿನ ಬೇಕು. ಸಂಜೆ ಮಾತ್ರ ಸಿಗುವವರಿಗೆ ಈ ವರ್ಷ ಬೇಡ.

ಜಿಂಜರ್‌ಬ್ರೆಡ್, ಅಂದರೆ ಶುಂಠಿ ಮಸಾಲೆ ಕುಕ್ಕಿಯ ಮನೆ ಕಟ್ಟುವುದಿದ್ದರೆ ಗೋಡೆಗಳನ್ನು ಒಂದು ವಾರ ಮುಂಚೆ ಬೇಯಿಸಿ, ಕಟ್ಟುವುದನ್ನು ಹಬ್ಬಕ್ಕೆ ಮೂರು ದಿನ ಇರುವಾಗ ಇಟ್ಟುಕೊಳ್ಳಿ. ಗೋಡೆ ಅಂಟಿಸಿ ರಾತ್ರಿಯಿಡೀ ಬಿಟ್ಟು ಮರುದಿನ ಚಾವಣಿ. ಗಾಳಿಯಲ್ಲಿ ತೇವ ಜಾಸ್ತಿ ಇರುವ ಕಡೆ ಐಸಿಂಗ್ ಸಡಿಲವಾಗಿ ಚಾವಣಿ ಜಾರುತ್ತದೆ. ಐಸಿಂಗಿಗೆ ಹಸಿ ಮೊಟ್ಟೆಯ ಬಿಳಿ ಬಳಸುವ ಬದಲು ಪಾಶ್ಚರೀಕರಿಸಿದ್ದು ಅಥವಾ ಒಣಗಿಸಿದ ಬಿಳಿಯ ಪುಡಿ ತನ್ನಿ, ಮಕ್ಕಳು ಬೆರಳು ನೆಕ್ಕದೆ ಬಿಡುವುದಿಲ್ಲ.

ಉಪ್ಪಿನ ಹಿಟ್ಟು, ಕಿತ್ತಳೆ ಬಿಲ್ಲೆ

ಉಪ್ಪಿನ ಹಿಟ್ಟಿಗೆ ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ಮುಕ್ಕಾಲು ಕಪ್ಪಿನಿಂದ ಒಂದು ಕಪ್ ನೀರು. ನೀರನ್ನು ಒಂದೇ ಸಲ ಸುರಿಯಬೇಡಿ. ಕೈಗೆ ಅಂಟದ, ಬಿರಿಯದ ಹದ ಬರುವ ತನಕ ಎಂಟು ಹತ್ತು ನಿಮಿಷ ಚೆನ್ನಾಗಿ ನಾದಿ. ಕಲ್ಲುಪ್ಪು ಹಾಕಿದರೆ ಮೇಲ್ಮೈ ಒರಟಾಗುತ್ತದೆ. ಬೇಕಿಂಗ್ ಪೌಡರ್ ಬೆರೆಸಿಯೇ ಬರುವ ಸೆಲ್ಫ್ ರೈಸಿಂಗ್ ಹಿಟ್ಟು ಬೇಡವೇ ಬೇಡ, ನಕ್ಷತ್ರ ಊದಿ ಬನ್ ಆಗುತ್ತದೆ.

ಬಿರುಕು ಬಿಟ್ಟಿದ್ದಕ್ಕೆ ಕಾರಣ ಬಿಸಿ ಜಾಸ್ತಿಯಾಗಿದ್ದು. ಹೊರಗಡೆ ಬೇಗ ಒಣಗಿ ಗಟ್ಟಿಯಾಯಿತು. ಒಳಗಿನ ನೀರು ಹಬೆಯಾಗಿ ಹೊರಬರಲು ದಾರಿ ಹುಡುಕಿ ಒಡೆಯಿತು. ಇಲ್ಲಿ ಬೇಯಿಸುವ ಕೆಲಸವೇ ಇಲ್ಲ, ಒಣಗಿಸುವ ಕೆಲಸ ಅಷ್ಟೇ. ದಪ್ಪ ಎಲ್ಲ ಕಡೆ ಒಂದೇ ಸಮ, 5 ಮಿಲಿಮೀಟರ್ ಇರಲಿ. ದಪ್ಪ ತೆಳು ಇದ್ದರೆ ಅವು ಸೇರುವ ಕಡೆಯೇ ಬಿರುಕು ಬಿಡುತ್ತದೆ. ದಾರದ ತೂತನ್ನು ಸ್ಟ್ರಾದಿಂದ ಹಸಿ ಇದ್ದಾಗಲೇ ಮಾಡಿ, ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ. ಕತ್ತರಿಸಿದ್ದನ್ನು ಒಂದು ದಿನ ಹಾಗೇ ಬಯಲಲ್ಲಿ ಬಿಟ್ಟು, ಮಧ್ಯೆ ಮಗುಚಿ ಹಾಕಿ, ಮರುದಿನ 100 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಡಿ. ಪೂರ್ತಿ ಆರಿದ ಮೇಲೆ ಉಗುರಿನಿಂದ ತಟ್ಟಿದರೆ ಟಕ್ ಅಂತ ಸದ್ದು ಬರಬೇಕು. ಮೆತ್ತನೆಯ ಸದ್ದಾದರೆ ಇನ್ನೂ ಒಳಗೆ ನೀರಿದೆ, ಬಣ್ಣ ಹಚ್ಚಬೇಡಿ.

ಬಣ್ಣ ಒಣಗಿದ ಮೇಲೆ ಎರಡೂ ಕಡೆ, ಅಂಚು, ತೂತಿನ ಒಳಗೂ ಸೇರಿಸಿ ಎರಡು ಸಲ ವಾರ್ನಿಷ್. ಒಂದು ಕಡೆ ಬಿಟ್ಟರೂ ಉಪ್ಪು ಗಾಳಿಯ ತೇವ ಎಳೆದು ಮುಂದಿನ ಮಳೆಗಾಲಕ್ಕೆ ಬೆವರುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಇದನ್ನು ಕೈಗೆಟಕದ ಎತ್ತರದಲ್ಲಿ ನೇತುಹಾಕಿ, ಹಸಿ ಹಿಟ್ಟನ್ನೂ ಮುಚ್ಚಿಡಿ. ಇಷ್ಟು ಉಪ್ಪು ನಾಯಿಯ ಹೊಟ್ಟೆಗೆ ಹೋದರೆ ಜೀವಕ್ಕೇ ಅಪಾಯ. ಇದು ಉತ್ಪ್ರೇಕ್ಷೆ ಅಲ್ಲ, ತಿಂದಿದ್ದು ಗೊತ್ತಾದರೆ ಕಾಯದೆ ಪಶುವೈದ್ಯರ ಹತ್ತಿರ ಹೋಗಿ.

ಕಿತ್ತಳೆಯನ್ನು 5 ಮಿಲಿಮೀಟರ್ ಬಿಲ್ಲೆ ಮಾಡಿ, ಬಟ್ಟೆಯ ನಡುವೆ ಒತ್ತಿ ರಸ ಹೀರಿಸಿ, ತಟ್ಟೆಯ ಬದಲು ತಂತಿಜಾಲರಿ ಮೇಲೆ ಜೋಡಿಸಿ. 90ರಿಂದ 100 ಡಿಗ್ರಿಯಲ್ಲಿ ಮೂರರಿಂದ ಐದು ಗಂಟೆ, ಅರ್ಧ ಗಂಟೆಗೊಮ್ಮೆ ಮಗುಚಬೇಕು. ಬಿಸಿಯಲ್ಲಿ ಮುಟ್ಟಿದರೆ ಮೆತ್ತಗೇ ಇರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ. ಒಂದನ್ನು ಹೊರತೆಗೆದು ಆರಿಸಿ, ನಡುವೆ ಬೆರಳು ಒತ್ತಿ. ಅಂಟಿದರೆ ಇನ್ನೂ ಬೇಕು. ನಿಮ್ಮದಕ್ಕೆ ಬೂಷ್ಟು ಬಂದಿದ್ದು ನಡುವಿನ ತೊಳೆ ಹಸಿ ಇದ್ದಾಗಲೇ ಡಬ್ಬಿಗೆ ಹಾಕಿದ್ದಕ್ಕೆ. ಐದು ಗಂಟೆ ಓವನ್ ಉರಿಸುವುದು ದಂಡ ಅನಿಸಿದರೆ, ಪ್ರತಿ ಸಂಜೆ ಕುಕ್ಕಿ ಬೆಂದ ಮೇಲೆ ಓವನ್ ಆರಿಸಿ, ಬಿಸಿ 100ರ ಹತ್ತಿರಕ್ಕೆ ಇಳಿದಾಗ ಜಾಲರಿ ಒಳಗಿಟ್ಟು ಬಾಗಿಲು ಸ್ವಲ್ಪ ತೆರೆದು ಬಿಡಿ. ಬಿಲ್ಲೆಗಳನ್ನು ಮೊದಲ ದಿನ ಮಾತ್ರ ಎರಡು ಗಂಟೆ ಸರಿಯಾಗಿ ಒಣಗಿಸಿರಬೇಕು. ಉಳಿದದ್ದನ್ನು ಮೂರು ನಾಲ್ಕು ಸಂಜೆಗಳ ಉಳಿಕೆ ಬಿಸಿ ಮುಗಿಸುತ್ತದೆ.

ಕಾಗದ, ಮೇಣ

ಇವೆರಡಕ್ಕೂ ನೀರಿನ ಗೊಡವೆ ಇಲ್ಲ, ಹಾಗಾಗಿ ಅವಸರವೂ ಇಲ್ಲ. ಅಕ್ಟೋಬರಿನಲ್ಲಿ ಮಾಡಿಟ್ಟರೂ ಡಿಸೆಂಬರಿನಲ್ಲಿ ಹಾಗೇ ಇರುತ್ತವೆ. ಮಕ್ಕಳ ಕೈಗೆ ಮೊದಲು ಕೊಡಬೇಕಾದದ್ದೂ ಇದನ್ನೇ.

ಕಾಗದದ ಪಟ್ಟಿಗಳನ್ನು ಹೆಣೆದು ಮಾಡುವ ಫ್ರೋಬೆಲ್ ನಕ್ಷತ್ರ ನನಗೆ ಬಹಳ ಇಷ್ಟ. ಕಿಂಡರ್‌ಗಾರ್ಟನ್ ಶುರು ಮಾಡಿದ ಫ್ರೀಡ್ರಿಶ್ ಫ್ರೋಬೆಲ್ ಅವರ ಹೆಸರು ಅದಕ್ಕಿದೆ. ಒಂದೇ ಅಳತೆಯ ನಾಲ್ಕು ಪಟ್ಟಿ ಬೇಕು. ಅಗಲದ 30 ಪಟ್ಟು ಉದ್ದ ಇರಲಿ: ಅಗಲ ಒಂದೂವರೆ ಸೆಂಟಿಮೀಟರ್ ಆದರೆ ಉದ್ದ 45. ಗೋಂದು ಬೇಡ, ಬರಿ ಮಡಿಕೆ. ಎಂಟು ವರ್ಷದ ಮಕ್ಕಳು ಎರಡನೆಯದನ್ನು ತಾವೇ ಮಾಡುತ್ತಾರೆ. ಇನ್ನೂ ಚಿಕ್ಕವರಿಗೆ ಡೆನ್ಮಾರ್ಕಿನ ಹೆಣೆದ ಕಾಗದದ ಹೃದಯ ಸರಿ. ಸಿಕ್ಕಿರುವುದರಲ್ಲಿ ಅತಿ ಹಳೆಯದು ಕಥೆಗಾರ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1860ರಲ್ಲಿ ಮಾಡಿದ್ದು ಅನ್ನುತ್ತಾರೆ. ದೊಡ್ಡವರಿಗೆ ಸವಾಲು ಬೇಕಿದ್ದರೆ ಮೊರೇವಿಯನ್ ನಕ್ಷತ್ರ ಇದೆ. ಮೊರೇವಿಯನ್ ಎಂಬ ಕ್ರೈಸ್ತ ಪಂಗಡದವರ ಜರ್ಮನಿಯ ಶಾಲೆಗಳಲ್ಲಿ 19ನೇ ಶತಮಾನದಲ್ಲಿ ರೇಖಾಗಣಿತದ ಪಾಠವಾಗಿ ಬಂದದ್ದು. 18 ಚೌಕ, 8 ತ್ರಿಕೋನ, ಒಟ್ಟು 26 ಮುಖದ ಆಕಾರ. ಒಂದು ಮುಖವನ್ನು ನೇತುಹಾಕುವುದಕ್ಕೆ ಬಿಟ್ಟು ಉಳಿದ 25ಕ್ಕೂ ಒಂದೊಂದು ಕೊಂಬು. ಒಂದು ಸಂಜೆಗೆ ಆಗುವ ಕೆಲಸ ಅಲ್ಲ.

ಮೇಣದಬತ್ತಿಗೆ ಜೇನುಮೇಣದ ಹಾಳೆ ತಂದು ಬತ್ತಿಯ ಸುತ್ತ ಸುರುಳಿ ಸುತ್ತುವುದು ಎಲ್ಲಕ್ಕಿಂತ ಸುಲಭ, ಕಾಯಿಸುವ ಕೆಲಸವೇ ಇಲ್ಲ. ಹಾಳೆ ಬಿರಿಯುತ್ತಿದ್ದರೆ ಅಂಗೈಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಿ. ಕರಗಿಸಿ ಅಚ್ಚಿಗೆ ಹಾಕುವುದಾದರೆ, ಜೇನುಮೇಣ 62ರಿಂದ 64 ಡಿಗ್ರಿಗೆ ಕರಗುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟೇ ಕರಗಿಸಬೇಕು, ಉರಿಯ ಮೇಲೆ ನೇರವಾಗಿ ಬೇಡ. ಹೊತ್ತಿಕೊಂಡರೆ ನೀರು ಹಾಕಬೇಡಿ. ಮುಚ್ಚಳ ಮುಚ್ಚಿ, ಒಲೆ ಆರಿಸಿ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲವೇ ಅಡ್ವೆಂಟ್. ಆ ವಾರಗಳಲ್ಲಿ ಮೇಣದಬತ್ತಿ ಉರಿಸುವ ಅಡ್ವೆಂಟ್ ಮಾಲೆ ಮಾಡುವವರು ಇದನ್ನು ಗಮನಿಸಬೇಕು. 1839ರಲ್ಲಿ ಹ್ಯಾಂಬರ್ಗ್‌ನಲ್ಲಿ ಯೋಹಾನ್ ಹಿನ್ರಿಶ್ ವಿಖರ್ನ್ ಎಂಬ ಪಾದ್ರಿ ತಾನು ನಡೆಸುತ್ತಿದ್ದ ಮಕ್ಕಳ ಆಶ್ರಮದಲ್ಲಿ ಗಾಡಿಚಕ್ರದ ಮೇಲೆ ಮೇಣದಬತ್ತಿ ನಿಲ್ಲಿಸಿದರು, ಭಾನುವಾರಗಳಿಗೆ ದೊಡ್ಡವು, ಉಳಿದ ದಿನಕ್ಕೆ ಸಣ್ಣವು. ಹಸಿರು ಎಲೆ ಸುತ್ತುವುದು ಆಮೇಲೆ ಬಂತು. ಆ ಹಸಿರು ನಾಲ್ಕನೇ ವಾರಕ್ಕೆ ಒಣಗಿ ಕಡ್ಡಿಯಾಗಿರುತ್ತದೆ, ಅದೇ ವಾರ ಬತ್ತಿಗಳೂ ಕುಳ್ಳಗಾಗಿ ಉರಿ ಎಲೆಯ ಹತ್ತಿರ ಬಂದಿರುತ್ತದೆ. ಎರಡು ವಾರಕ್ಕೊಮ್ಮೆ ಎಲೆ ಬದಲಿಸಿ, ಬತ್ತಿಯನ್ನು ಲೋಹದ ಬಟ್ಟಲಲ್ಲಿ ನಿಲ್ಲಿಸಿ. ಒಣ ಕಿತ್ತಳೆ ಬಿಲ್ಲೆಯನ್ನೂ ಉರಿಯಿಂದ ದೂರ ಇಡಿ.

ಹಾಗಾದರೆ ಯಾವಾಗ ಏನು

ಅಕ್ಟೋಬರ್, ನವೆಂಬರ್ ಮೊದಲ ಭಾಗ ಕಾಗದಕ್ಕೆ, ಮೇಣಕ್ಕೆ. ಕೇಕಿಗೆ ನವೆಂಬರಿನ ಕೊನೆ. ಇಂಗ್ಲೆಂಡಿನಲ್ಲಿ ಅಡ್ವೆಂಟ್ ಶುರುವಾಗುವ ಹಿಂದಿನ ಭಾನುವಾರ ಕ್ರಿಸ್‌ಮಸ್ ಪುಡಿಂಗ್ ಕಲಸುವ ರೂಢಿ ಇದೆ. ಆ ಭಾನುವಾರ ಯಾವಾಗಲೂ ನವೆಂಬರ್ 20ರಿಂದ 26ರ ಒಳಗೆ ಬರುತ್ತದೆ. ನಿಮ್ಮ ಕೇಕಿಗೂ ಅದೇ ಒಳ್ಳೆಯ ದಿನ, ಸರಿಯಾಗಿ ಒಂದು ತಿಂಗಳು ಸಿಗುತ್ತದೆ. ಅದೇ ವಾರ ಶಾರ್ಟ್‌ಬ್ರೆಡ್ ಉರುಳೆ ಫ್ರೀಜರಿಗೆ ಹೋಗಲಿ. ಡಿಸೆಂಬರ್ ಮೊದಲ ವಾರ ಜೇನಿನ ಕುಕ್ಕಿ, ಎರಡನೇ ವಾರ ಉಪ್ಪಿನ ಹಿಟ್ಟು ಮತ್ತು ಕಿತ್ತಳೆ. 20ರ ಮೇಲೆ ಉರುಳೆ ಕೊಯ್ದು ಬೇಯಿಸುವುದು ಬಿಟ್ಟು ಬೇರೇನೂ ಇಟ್ಟುಕೊಳ್ಳಬೇಡಿ. ಯಾರಿಗಾದರೂ ಕೊಡುವ ಡಬ್ಬಿಯ ಮೇಲೆ ಮೊಟ್ಟೆ, ಹಾಲು, ಗೋಧಿ, ಬೀಜಗಳು, ಜೇನು, ಮದ್ಯ ಏನೇನಿದೆ ಅಂತ ಒಂದು ಚೀಟಿ ಅಂಟಿಸಿ, ಮಾಡಿದ ತಾರೀಖನ್ನೂ ಬರೆಯಿರಿ.

ಈ ಉತ್ತರ ಓದುವ ಹೊತ್ತಿಗೆ ಆಗಲೇ ಡಿಸೆಂಬರ್ ಮೂರನೇ ವಾರ ಬಂದಿದ್ದರೆ, ನೆನೆಸಿ ಕಾಯುವ ಕೇಕ್ ಬಿಡಿ, ಕುದಿಸುವ ಕೇಕ್ ಮಾಡಿ. ಮೇಲೆ ಹೇಳಿದ ಅಳತೆಯ ಹಣ್ಣು, ಬೆಣ್ಣೆ, ಸಕ್ಕರೆ, ಜೊತೆಗೆ 100 ಮಿಲಿ ಕಿತ್ತಳೆ ರಸ ಪಾತ್ರೆಗೆ ಹಾಕಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಹಣ್ಣು ಅಷ್ಟರಲ್ಲೇ ಉಬ್ಬುತ್ತದೆ. ಕೈ ಬೆಚ್ಚಗಾಗುವಷ್ಟು ಆರಿದ ಮೇಲೆ ಮೊಟ್ಟೆ, ಆಮೇಲೆ ಮಸಾಲೆ ಬೆರೆಸಿದ ಮೈದಾ. ಈ ಕೇಕಿಗೆ ಮಾತ್ರ ಅರ್ಧ ಟೀ ಚಮಚ ಬೇಕಿಂಗ್ ಪೌಡರ್ ಹಾಕಿ. 150 ಡಿಗ್ರಿಯಲ್ಲಿ ಒಂದೂವರೆ ಗಂಟೆಯಿಂದ ಕಡ್ಡಿ ಚುಚ್ಚಿ ನೋಡುತ್ತಿರಿ. ಸುತ್ತಿಟ್ಟು ಮರುದಿನ ಗರಗಸದ ಹಲ್ಲಿನ ಚಾಕುವಿನಿಂದ ಕತ್ತರಿಸಿ. ಇದು ಮುಂದಿನ ತಿಂಗಳವರೆಗೆ ಉಳಿಯುವ ಕೇಕ್ ಅಲ್ಲ, ಒಂದು ವಾರದೊಳಗೆ ತಿಂದು ಮುಗಿಸಬೇಕು.